ಮೊದಲು ನೋವಿನ ಕೈ

"ಒತ್ತಲಾ?"

ಗೋಡೆಯ ಹೆಬ್ಬೆರಳು ನನ್ನ ಬಲಹೆಗಲ ಮೇಲಿತ್ತು. ಸರಿಯಾಗಿ ಹೊಲಿಗೆಯ ಮೇಲೆ!

ಗೋಡೆ ಅಂದರೆ ಇಟ್ಟಿಗೆಯದಲ್ಲ, ಮನುಷ್ಯ. ಬಲಪುಡಿ ಮಾರುವ ಪೈಲ್ವಾನನ ಬಾಡಿಗಾರ್ಡ್. ಬಾಗಿಲಲ್ಲಿ ನಿಂತರೆ ಆಚೆಯ ಬೆಳಕು ಈಚೆ ಬರುವುದಿಲ್ಲ, ಅದಕ್ಕೇ ಆ ಹೆಸರು. ಸಭಾಂಗಣದ ಹಿಂದಿನ ಮೆಟ್ಟಿಲ ಮೇಲೆ ನನ್ನನ್ನು ಕಂಬಿಗೆ ಒತ್ತಿ ಹಿಡಿದಿದ್ದ.

"ಒತ್ತು," ಎಂದೆ. "ಆದ್ರೆ ಒಂದು ವಿಷ್ಯ. ಒಳಗೆ ಮೂಳೆಗೂ ಮಾಂಸಕ್ಕೂ ಗಂಟು ಹಾಕಿರೋ ಟೆಂಡನ್ ಹೊಲಿಸ್ಕೊಂಡು ಇನ್ನೂ ತಿಂಗಳಾಗಿಲ್ಲ. ಕಿತ್ತು ಬಂದ್ರೆ ಕಿರುಚ್ತೀನಿ. ನಾನು ಕಿರುಚಿದ್ರೆ ಹಾಲ್‌ನಲ್ಲಿರೋ ಅಷ್ಟೂ ಜನ ಇಲ್ಲಿಗೆ ಬರ್ತಾರೆ."

ಗೋಡೆ ಯೋಚಿಸಿದ. ಅಭ್ಯಾಸವಿಲ್ಲದ ಕೆಲಸ ನೋಡಿ, ಹುಬ್ಬು ಗಂಟಿಕ್ಕಿತು.

"ಬಾಯಿ ಮುಚ್ಕೊಂಡು ಮನೆಗೆ ಹೋಗು."

"ಆಗಲ್ಲ."

"ಯಾಕಾಗಲ್ಲ?"

"ಹೋದ್ರೆ ನಮ್ಮಕ್ಕ ಸಾಯ್ತಾಳೆ."

ಅವನಿಗೆ ಅರ್ಥವಾಗಲಿಲ್ಲ. ನನ್ನ ಬಲಗೈ ತೂಗುಹಾಕಿದ್ದ ಸ್ಲಿಂಗಿನ ಪಟ್ಟಿ ಹಿಡಿದು ಕೆಳಕ್ಕೆಳೆದ. ಆ ಪಟ್ಟಿಗೆ ಕುತ್ತಿಗೆಯ ಹತ್ತಿರ ಒಂದು ಕ್ಲಿಪ್ ಇರುತ್ತದೆ... ಎಡಗೈಯಲ್ಲಿ ಅದನ್ನು ಬಿಚ್ಚಿಬಿಟ್ಟೆ! ಸ್ಲಿಂಗು, ಅದರ ದಿಂಬು, ಗೋಡೆ, ಮೂರೂ ಒಟ್ಟಿಗೆ ಮೆಟ್ಟಿಲಿಳಿದು ಹೋದವು.

ಬಲಗೈಯನ್ನು ಎಡಗೈಯಿಂದ ಹೊಟ್ಟೆಗೆ ಅವಚಿಕೊಂಡು ಮೇಲಕ್ಕೆ ಓಡಿದೆ.

ಓಡುತ್ತಲೇ ಹೇಳುತ್ತೇನೆ, ಕೇಳಿ.

ನನ್ನದು ಪತ್ತೇದಾರಿ ಕೆಲಸ. ಕಳೆದ ತಿಂಗಳು ಓಡುತ್ತಿದ್ದ ಕಳ್ಳನೊಬ್ಬನ ಕಾಲರ್ ಹಿಡಿದೆ. ಕಾಲರ್ ಹರಿಯಲಿಲ್ಲ, ನನ್ನ ಹೆಗಲ ಟೆಂಡನ್ ಹರಿಯಿತು. ಅಕ್ಕ ಸಿಟಿ ಬಸ್ ಡ್ರೈವರ್. ಅವಳ ಹೆಗಲು ನನಗಿಂತ ಮೊದಲೇ ಹರಿದು, ಹೊಲಿಸಿಕೊಂಡು, ಅರ್ಧ ಗುಣವಾಗಿತ್ತು. ಅಪ್ಪ ನಮ್ಮಿಬ್ಬರಿಗೆ ಮನೆ ಬಿಡಲಿಲ್ಲ, ಮಠ ಬಿಡಲಿಲ್ಲ. ಕೊಲೆಸ್ಟರಾಲ್ ಬಿಟ್ಟು ಹೋದ! ರಕ್ತದಲ್ಲಿ ಅದು ಅತಿಯಾದರೆ ಹೃದಯಕ್ಕೂ ಕೇಡು, ಟೆಂಡನ್ನಿಗೂ ಒಳ್ಳೆಯದಲ್ಲ ಎಂದು ಡಾಕ್ಟರಮ್ಮ ಇಬ್ಬರಿಗೂ ಮಾತ್ರೆ ಬರೆದಿದ್ದರು.

ನಾನು ನುಂಗುತ್ತಿದ್ದೆ. ಅಕ್ಕ ಗುಟ್ಟಾಗಿ ನಿಲ್ಲಿಸಿದ್ದಳು.

ನಿನ್ನೆ ಡಿಪೋದಲ್ಲೇ ಎದೆ ಹಿಡಿದುಕೊಂಡು ಕುಸಿದಳು.

ಇವತ್ತು ಬೆಳಿಗ್ಗೆ ವಾರ್ಡಿಗೆ ಹೋದರೆ, ಮೈತುಂಬ ವೈರು ಅಂಟಿಸಿಕೊಂಡು ಕೂತು ನರ್ಸ್ ಜೊತೆ ಜಗಳ ಆಡುತ್ತಿದ್ದಳು. ಟ್ರೇಯಲ್ಲಿ ಮಾತ್ರೆ ಹಾಗೇ ಇತ್ತು.

"ನುಂಗೇ."

"ನುಂಗಲ್ಲ! ಇದನ್ನ ತಿಂದ್ರೆ ಮಸಲ್ ಕರಗಿ ಹೋಗುತ್ತಂತೆ. ಹೊಲಿದಿರೋ ಟೆಂಡನ್ ಹಿಡ್ಕೊಳ್ಳೋದೇ ಇಲ್ವಂತೆ. ಪೈಲ್ವಾನ್ ಹೇಳಿದ್ದಾರೆ. ಅವರಿಗೂ ಇದೇ ಆಪರೇಷನ್ ಆಗಿದೆ ಕಣೋ. ಮಾತ್ರೆ ಬಿಸಾಕಿ, ಅವರ ಬಲಪುಡಿ ಕುಡಿದು, ಈಗ ನೋಡು ಹೆಂಗಿದ್ದಾರೆ!"

ಪಕ್ಕದಲ್ಲಿದ್ದ ಡಾಕ್ಟರಮ್ಮ ಹಣೆ ಒತ್ತಿಕೊಂಡರು.

"ಕೆಲವರಿಗೆ ಈ ಮಾತ್ರೆಯಿಂದ ಮಸಲ್ ನೋವು ಬರುತ್ತೆ, ಸುಳ್ಳಲ್ಲ. ಬಂದ್ರೆ ನಂಗೆ ಹೇಳಿ. ರಕ್ತ ಪರೀಕ್ಷೆ ಮಾಡ್ತೀನಿ, ಡೋಸ್ ಕಮ್ಮಿ ಮಾಡ್ತೀನಿ, ಬೇರೆ ಮಾತ್ರೆ ಕೊಡ್ತೀನಿ. ನಿಮಗೆ ನೋವಿತ್ತಾ?"

"ಇರಲಿಲ್ಲ."

"ಮತ್ತೆ?"

"ಬಂದುಬಿಟ್ರೆ? ಈ ಕೈ ಹೋದ್ರೆ ನಂಗೆ ಸ್ಟಿಯರಿಂಗ್ ಕೊಡಲ್ಲ. ಬಸ್ಸಿಲ್ದೆ ನಾನು ಯಾಕಿರ್ಬೇಕು?"

ಡಾಕ್ಟರಮ್ಮ ನನ್ನನ್ನು ಬಾಗಿಲಾಚೆ ಕರೆದರು. "ಈ ಸಲ ಬಚಾವಾದ್ರು. ಹೀಗೇ ಹಟ ಹಿಡಿದ್ರೆ ಇನ್ನೊಂದ್ಸಲ ನಾನು ಗ್ಯಾರಂಟಿ ಕೊಡಲ್ಲ."

ನನ್ನನ್ನು ಎತ್ತಿ ಆಡಿಸಿದ್ದು ಅಕ್ಕನ ಅದೇ ಕೈ. ವಾಪಸ್ ಒಳಗೆ ಹೋದೆ.

"ಆ ಪೈಲ್ವಾನ್ ಸುಳ್ಳ ಅಂತ ತೋರಿಸಿದ್ರೆ ನುಂಗ್ತೀಯಾ?"

"ತೋರಿಸು. ಮಧ್ಯಾಹ್ನ ಹೆಗಲು ಹೊಲಿಸ್ಕೊಂಡೋರಿಗೆ ಅವರ ಮೀಟಿಂಗ್ ಇದೆ, ಫೋನ್‌ನಲ್ಲಿ ಲೈವ್ ಬರುತ್ತೆ. ನೋಡ್ತಿರ್ತೀನಿ. ತೋರಿಸೋಕಾಗಲಿಲ್ಲ ಅಂದ್ರೆ ಇನ್ಮೇಲೆ ಮಾತ್ರೆ ಅಂತ ಬಾಯಿ ಬಿಡಬಾರದು!"

ಸಭಾಂಗಣಕ್ಕೆ ಬಂದೆ. ಸ್ಟೇಜ್ ಹಿಂದಿನ ರೂಮಿನಲ್ಲಿ ಪೈಲ್ವಾನ್ ಕನ್ನಡಿಯ ಮುಂದೆ ನಿಂತಿದ್ದ. ಬಿಳಿ ಕೋಟು ಕೈಯಲ್ಲಿತ್ತು.

"ಆಪರೇಷನ್ ಎಲ್ಲಿ ಮಾಡಿಸ್ಕೊಂಡ್ರಿ ಸಾರ್? ಬಲಗೈ ತಾನೆ?"

"ಹೌದು, ಬಲಗೈ. ಯಾರ್ರೀ ನೀವು?" ಎನ್ನುತ್ತಾ ಕೋಟು ಹಾಕಿಕೊಂಡ. ನಕ್ಕ. ಗೋಡೆಗೆ ಕಣ್ಸನ್ನೆ ಮಾಡಿದ.

ಆ ಕೋಟು ಹಾಕಿಕೊಂಡ ರೀತಿಯಲ್ಲಿ ಏನೋ ಎಡವಟ್ಟಿತ್ತು. ಏನೆಂದು ಹೊಳೆಯಲಿಲ್ಲ. ಮೆಟ್ಟಿಲ ಮೇಲೆ ಗೋಡೆಯ ಹೆಬ್ಬೆರಳು ಹೊಲಿಗೆ ಮುಟ್ಟಿದಾಗ ಹೊಳೆಯಿತು! ನೋವು ಒಮ್ಮೊಮ್ಮೆ ಬುದ್ಧಿಯನ್ನೂ ಚುರುಕು ಮಾಡುತ್ತದೆ.

ನಮ್ಮ ಫಿಸಿಯೋಥೆರಪಿ ಮೇಡಂ ಒಬ್ಬರಿದ್ದಾರೆ. ನಾವೆಲ್ಲ ಸಾರ್ಜೆಂಟ್ ಎನ್ನುತ್ತೇವೆ, ಅವರಿಗೆ ಕೇಳಿಸದ ಹಾಗೆ. ಮೊದಲ ದಿನವೇ ಅವರು ತಲೆಗೆ ತುಂಬುವ ಪಾಠ, ಹೆಗಲು ಹೊಲಿಸಿಕೊಂಡವರಿಗೆಲ್ಲ ಎಲ್ಲ ಕಡೆಯೂ ಹೇಳುವ ಪಾಠ, ಒಂದೇ. ಅಂಗಿ ಹಾಕುವಾಗ ಮೊದಲು ನೋವಿನ ಕೈ, ಬಿಚ್ಚುವಾಗ ಕೊನೆಗೆ ನೋವಿನ ಕೈ! ಮರೆತು ಒಳ್ಳೆಯ ಕೈ ಮೊದಲು ತೂರಿಸಿದರೆ, ನೋವಿನ ಕೈಯನ್ನು ಬೆನ್ನ ಹಿಂದಕ್ಕೆ ತಿರುಚಬೇಕಾಗುತ್ತದೆ. ಒಂದೇ ಒಂದು ಸಲ ಹಾಗೆ ಮಾಡಿದವನು ಕಣ್ಣಲ್ಲಿ ನೀರು ತುಂಬಿಕೊಂಡು ಪಾಠ ಕಲಿಯುತ್ತಾನೆ. ಆಮೇಲೆ ಕೈ ಗುಣವಾದರೂ ಚಾಳಿ ಹೋಗುವುದಿಲ್ಲ.

ಈಗ ಮೆಟ್ಟಿಲು ಮುಗಿಯಿತು. ಹಿಂದೆ ಗೋಡೆಯ ಏದುಸಿರು. ಭುಜದಿಂದ, ಎಡಭುಜದಿಂದ, ಬಾಗಿಲು ತಳ್ಳಿದೆ. ನೇರ ಸ್ಟೇಜ್!

ಹಾಲ್ ತುಂಬಿತ್ತು. ಎಲ್ಲರೂ ಹೆಗಲು ಹೊಲಿಸಿಕೊಂಡವರು. ಕೆಲವರ ಕೈ ಸ್ಲಿಂಗಿನಲ್ಲಿ, ಕೆಲವರದು ಆಚೆ. ಹೊರಗೆ ಚಳಿ, ಮಡಿಲಲ್ಲಿ ಕೋಟೋ ಸ್ವೆಟರೋ. ಮುಂದೆ ಕ್ಯಾಮೆರಾ. ಕ್ಯಾಮೆರಾದಾಚೆ ನನ್ನ ಅಕ್ಕ.

"ಆ ಮಾತ್ರೆ ವಿಷ!" ಪೈಲ್ವಾನ್ ಮೈಕಿನಲ್ಲಿ ಗುಡುಗುತ್ತಿದ್ದ. "ಇವತ್ತೇ ಬಿಸಾಕಿ!"

"ಗಾಯ ತೋರಿಸ್ರೀ!" ಎಂದು ಕೂಗಿದೆ.

ಅವನು ತಿರುಗಿದ. ಕಣ್ಣಲ್ಲಿ ಕೆಂಡ, ಮುಖದಲ್ಲಿ ಸಕ್ಕರೆ.

"ಪಾಪ, ಯಾರೋ ನೊಂದವರು. ಬನ್ನಿ, ನೋಡಿ."

ಕೋಟು ಬಿಚ್ಚಿದ. ಅಂಗಿಯ ಗುಂಡಿ ಬಿಚ್ಚಿ ಬಲಹೆಗಲು ತೋರಿಸಿದ. ಗಾಯದ ಗುರುತು ಇತ್ತು! ನಿಜವಾದ, ಉದ್ದನೆಯ ಗುರುತು. ಹಾಲ್ ಪೂರ್ತಿ ಅಯ್ಯೋ ಎಂದಿತು. ಯಾರೋ ಚಪ್ಪಾಳೆ ತಟ್ಟಿದರು.

ಗೋಡೆ ಬಂದು ನನ್ನ ಕುತ್ತಿಗೆಗೆ ಕೈ ಹಾಕಿದ. ಅಕ್ಕ ನೋಡುತ್ತಿದ್ದಾಳೆ...

"ಸರಿ ಸಾರ್, ತಪ್ಪಾಯ್ತು," ಎಂದೆ. "ಚಳಿ ಇದೆ. ಕೋಟು ಹಾಕ್ಕೊಳ್ಳಿ."

ಗೆದ್ದವನ ನಗೆ ನಕ್ಕ. ಅಂಗಿ ಸರಿಮಾಡಿಕೊಂಡ. ಕೋಟಿಗೆ ಎಡಗೈ ತೂರಿಸಿದ. ಬಲಗೈಯನ್ನು ಬೆನ್ನ ಹಿಂದಿನಿಂದ ಬೀಸಿ, ಸಲೀಸಾಗಿ ಇನ್ನೊಂದು ತೋಳಿಗೆ ಹಾಕಿದ.

ಚಪ್ಪಾಳೆ ಅರ್ಧಕ್ಕೇ ನಿಂತಿತು.

ಮೊದಲ ಸಾಲಿನ ಅಜ್ಜಿಯೊಬ್ಬರು ಎದ್ದು ನಿಂತರು.

"ಅಯ್ಯೋ ನಿನ್ನ! ಒಳ್ಳೇ ಕೈ ಮೊದಲು ಹಾಕಿದ್ಯಲ್ಲೋ!"

"ಅಜ್ಜಿ, ನಂಗೆ ಪೂರ್ತಿ ಗುಣ ಆಗಿದೆ, ಬಲಪುಡಿಯಿಂದ..."

"ನಂಗೂ ಗುಣ ಆಗಿ ಎಷ್ಟೋ ವರ್ಷ ಆಯ್ತಪ್ಪ. ಸೊಂಟದ ಆಪರೇಷನ್ನಿಗೆ ಹೋದಾಗ್ಲೂ ಗೌನಿಗೆ ಈ ಕೈನೇ ಮೊದಲು ಚಾಚಿದ್ದೆ!"

ಗೋಡೆಯ ಹಿಡಿತ ಸಡಿಲವಾದದ್ದು ಕುತ್ತಿಗೆಗೆ ಗೊತ್ತಾಯಿತು. ಉಸಿರೆಳೆದುಕೊಂಡು ಕೂಗಿದೆ.

"ಸ್ಲಿಂಗ್ ಬಿಚ್ಚಿರೋರು ಎಲ್ಲಾ ಎದ್ದು ನಿಂತು ಕೋಟು ಹಾಕ್ಕೊಳ್ಳಿ!"

ಎದ್ದರು. ಕುರ್ಚಿಗಳು ಕಿರುಗುಟ್ಟಿದವು. ಕೋಟು, ಸ್ವೆಟರು, ಜಾಕೆಟ್ಟು... ಒಬ್ಬರೂ ತಪ್ಪಲಿಲ್ಲ. ಇಡೀ ಹಾಲ್, ಮೊದಲು ನೋವಿನ ಕೈ! ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೋ ಕಿಸಕ್ಕೆಂದರು. ಆಮೇಲೆ ನಗು ಹಿಂದಿನ ಸಾಲಿನವರೆಗೆ ಹಬ್ಬಿತು.

"ಮೋಸ! ಇವನ್ನ ಹೊರಗೆ ಹಾಕೋ!" ಪೈಲ್ವಾನ್ ಗೋಡೆಗೆ ಕಿರುಚಿದ.

ಗೋಡೆ ಕದಲಲಿಲ್ಲ. ನಿಧಾನವಾಗಿ ಕೇಳಿದ.

"ಅಣ್ಣ, ಆ ಗಾಯ ಜಿಮ್ಮಲ್ಲಿ ಕನ್ನಡಿ ಒಡೆದು ಆಗಿದ್ದಲ್ವಾ? ನಾನೇ ಗಾಜು ಗುಡಿಸಿದ್ದೆ. ಅದರ ಮೇಲೆ ಆಪರೇಷನ್ನೂ ಆಗಿದೆ ಅಂದಿದ್ರಿ... ನಂಬಿದ್ದೆ. ನಮ್ಮಮ್ಮಂಗೂ ಮಾತ್ರೆ ನಿಲ್ಲಿಸ್ಬಿಟ್ಟೆ."

ಮೈಕ್ ಆನ್ ಆಗಿತ್ತು.

ಪೈಲ್ವಾನ್ ಸ್ಟೇಜಿನಿಂದ ಹಾರಿದ! ಪಕ್ಕದ ಬಾಗಿಲಿಗೆ ಓಡಿದ. ಅಲ್ಲಿ ಅಜ್ಜಿ ಕಾಲು ಅಡ್ಡ ಹಾಕಿದರು. ಮುಗ್ಗರಿಸಿ, ಎದ್ದು, ಮುಂಬಾಗಿಲಿಗೆ ಓಡಿದ. ಅಷ್ಟರಲ್ಲಿ ಗೋಡೆ ಅಲ್ಲಿಗೆ ತಲುಪಿಯಾಗಿತ್ತು. ಆಚೆಯ ಬೆಳಕು ಈಚೆ ಬರಲಿಲ್ಲ. ಈಚೆಯ ಪೈಲ್ವಾನ್ ಆಚೆ ಹೋಗಲಿಲ್ಲ.

ಮೈಕ್ ಎತ್ತಿಕೊಂಡೆ. ಭಾಷಣ ನನಗೆ ಬರುವುದಿಲ್ಲ.

"ನೋವಿದ್ರೆ ಡಾಕ್ಟರಿಗೆ ಹೇಳಿ. ನೋವಿಲ್ದಿದ್ರೆ ನುಂಗಿ. ಯಾವನೋ ಹೇಳಿದ ಅಂತ ಬಿಸಾಕ್ಬೇಡಿ, ನಮ್ಮಕ್ಕನ ಥರ ಪೆದ್ದರಾಗ್ಬೇಡಿ!"

ಜೇಬಿನಲ್ಲಿ ಫೋನ್ ಒದರಿತು.

"ಯಾರನ್ನೋ ಪೆದ್ದಿ ಅಂದಿದ್ದು? ಲೈವಲ್ಲಿ! ಡಿಪೋದವರೆಲ್ಲ ನೋಡ್ತಿರ್ತಾರೆ!"

"ನುಂಗಿದ್ಯಾ?"

ಆಚೆ ಲೋಟ ಎತ್ತಿದ ಸದ್ದು. ನೀರು ಗುಟುಕರಿಸಿದ ಸದ್ದು.

"ನುಂಗ್ದೆ. ಇಷ್ಟು ಸಣ್ಣ ಮಾತ್ರೆಗೆ ಎಷ್ಟು ರಂಪ ಮಾಡಿಬಿಟ್ಟೆ ಕಣೋ..." ದನಿ ನಡುಗಿತು, ತಕ್ಷಣ ಗಟ್ಟಿಯಾಯಿತು. "ಅದು ಸರಿ, ನಿನ್ನ ಸ್ಲಿಂಗ್ ಎಲ್ಲಿ? ಫಿಸಿಯೋ ಮೇಡಂ ನನ್ನ ಪಕ್ಕದಲ್ಲೇ ಕೂತು ನೋಡ್ತಿದ್ದಾರೆ!"

ಫೋನ್ ಕಟ್ ಮಾಡಿದೆ. ಅಳು ಬಂದಿತ್ತು, ಒರೆಸಿಕೊಳ್ಳಲು ಇದ್ದದ್ದು ಒಂದೇ ಕೈ. ಗೋಡೆ ನನ್ನ ಸ್ಲಿಂಗ್ ತಂದು, ದಿಂಬಿನ ಧೂಳು ಕೊಡವಿ, ಮೆಲ್ಲಗೆ ಕುತ್ತಿಗೆಗೆ ಹಾಕಿದ.

ಹಾಲ್‌ನಿಂದ ಯಾರೋ ಪೊಲೀಸರಿಗೆ ಫೋನ್ ಮಾಡಿದ್ದರು, ಇನ್ಸ್‌ಪೆಕ್ಟರ್ ಬಂದರು. ಕೈಕೋಳ ತೆಗೆದರು. ಪೈಲ್ವಾನ್ ಬಲಹೆಗಲು ಹಿಡಿದುಕೊಂಡು ಗೋಳಾಡಿದ.

"ಸಾರ್, ಈ ಕೈ ಬೇಡ ಸಾರ್! ತುಂಬಾ ನೋವಿದೆ!"

ಇನ್ಸ್‌ಪೆಕ್ಟರ್ ನನ್ನತ್ತ ನೋಡಿದರು. "ಏನ್ರೀ, ಯಾವ ಕೈಗೆ ಹಾಕ್ಲಿ?"

"ನೋವಿದೆ ಅಂತಾರಲ್ಲ ಸಾರ್... ಹಾಗಾದ್ರೆ ಅದೇ ಮೊದಲು!"