ಕಳಿಸಿದವರ ಹೆಸರು

"ಯಾರ ಹೆಸ್ರೂ ಕಾಣಬಾರ್ದು," ಎಂದಳು ರುದ್ರಾಣಿ. "ಮೇಲ್ ಎಲ್ಲಾ ಆಫೀಸಿನ ಒಂದೇ ಅಡ್ರೆಸ್ಸಿಂದ ಹೋಗ್ಬೇಕು. ಆಗುತ್ತಾ?"

"ನೀವು ಹೇಳಿದ್ಮೇಲೆ ಆಗದೆ ಇರುತ್ತಾ?" ಸುದೀಪ ಕೀಬೋರ್ಡಿನಿಂದ ಕಣ್ಣೆತ್ತಿದ. ಎತ್ತಿದ ಕಣ್ಣು ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತೇ ಅವಳ ಮುಖದಲ್ಲಿ ನಿಂತಿತು.

2006ರ ಮಾತು. ಮೂಡಿಗೆರೆಯ ಆ ಎಸ್ಟೇಟಿನ ಕಾಫಿ ಕೊಳ್ಳುವ ಹೊರದೇಶದವರು, ಕೂಲಿ ಲೈನಿನ ಸಾಲುಮನೆಗಳವರ ದೂರುಗಳೆಲ್ಲ ಕಂಪ್ಯೂಟರಿನಲ್ಲಿ ದಾಖಲಾಗಬೇಕೆಂದು ಷರತ್ತು ಹಾಕಿದ್ದರು. ಆಳುಗಳ ಗೋಳು ಯಾರಿಗೆ ಬೇಕಿತ್ತು? ಎಸ್ಟೇಟಿನವರಿಗೆ, ಕೇಳುತ್ತಿದ್ದೇವೆಂದು ತೋರಿಸಿದರೆ ಸಾಕಿತ್ತು. ಅದಕ್ಕೊಂದು ಸಾಫ್ಟ್‌ವೇರ್ ಕೂಡಿಸಲು ಚಿಕ್ಕಮಗಳೂರಿನಿಂದ ಸುದೀಪ ಬಂದಿದ್ದ. ಲೈನಿನಲ್ಲೇ ಹುಟ್ಟಿ ಆಫೀಸಿನ ಕುರ್ಚಿಗೆ ಬಂದಿದ್ದ ರುದ್ರಾಣಿ, ಒಬ್ಬೊಬ್ಬರಿಗೂ ಖಾತೆ ತೆರೆದು ಅವರ ದೂರು ಟೈಪ್ ಮಾಡಬೇಕು. ಕೂಡಲೇ ಮ್ಯಾನೇಜರ್ ಓಂಕಾರಪ್ಪನಿಗೂ ಸುದೀಪನಿಗೂ ಮೇಲ್ ಹೋಗುತ್ತದೆ. ಆದರೆ ಖಾತೆಯ ಹೆಸರು ರುದ್ರಾಣಿಗೆ ಮತ್ತು ಸುದೀಪನಿಗೆ ಮಾತ್ರ ಕಾಣಬೇಕು.

ಮೊದಮೊದಲು ತನ್ನ ಖಾತೆಯಿಂದಲೇ ಸಣ್ಣಪುಟ್ಟದ್ದು ಬರೆದಳು. ಮುಂದಿನ ವಾರ ಸುದೀಪ ಬಂದವನೇ ಹತ್ತಿರ ಬಾಗಿ ಹೇಳಿದ:

"ಬೆಳಿಗ್ಗೆ ಮೇಲ್ ತೆಗೆದ್ರೆ ಮೊದ್ಲು ನಿಮ್ಮ ಹೆಸ್ರೇ. ಆಮೇಲೇ ನಂಗೆ ಬೆಳಕಾಗೋದು."

"ನಲ್ಲಿ ಸೋರ್ತಿದೆ ಅಂತ ಬರ್ದಿರ್ತೀನಿ ಮಾರಾಯ್ರೆ!"

"ಸೋರ್ಲಿ ಬಿಡಿ. ರಿಪೇರಿ ಮಾಡ್ಸಲೇಬೇಡಿ."

ಅವಳು ಗದರಿಸಲು ಹೋಗಿ ನಕ್ಕುಬಿಟ್ಟಳು. ಆ ದಿನ ಲೈನಿಗೆ ಇಳಿಯುವ ದಾರಿ ಅವಳಿಗೆ ಬೇಗ ಮುಗಿದುಹೋಯಿತು.

ಲೈನಿನ ಲಕ್ಕಯ್ಯ ದೂರು ಹೇಳಲು ಬಂದದ್ದು ಆಮೇಲೆ. ಗಿಡಕ್ಕೆ ಮದ್ದು ಹೊಡೆಯುವ ಅವನ ಹೆಂಡತಿಯ ಅಂಗೈ ಚರ್ಮ ಸುಲಿದು ಹೋಗಿತ್ತು. ಎಷ್ಟು ಕೇಳಿದರೂ ಮೇಸ್ತ್ರಿ ಕೈಗವಸು ಕೊಡುತ್ತಿರಲಿಲ್ಲ.

"ಹೆಸ್ರು ಹೊರಗ್ ಬರಲ್ಲ ತಾನೆ, ಮಗಾ?"

"ನನ್ ಮೇಲಾಣೆ, ಲಕ್ಕಯ್ಯ ಮಾವ."

ಮರುದಿನ ಓಂಕಾರಪ್ಪ ಲೈನಿನ ಮುಂದೆ ಜೀಪು ನಿಲ್ಲಿಸಿ ನಕ್ಕ. "ಏನೋ ಲಕ್ಕಯ್ಯ, ನೀನೂ ಮೇಲ್ ಕಳ್ಸೋ ಮಟ್ಟಕ್ಕೆ ಬಂದ್ಯಾ?" ವಾರದೊಳಗೆ ಮನೆ ಖಾಲಿ. ಪಾತ್ರೆ, ಕೋಳಿ, ಬಟ್ಟೆ ಸುತ್ತಿದ ಕೈಯ ಹೆಂಗಸು, ಎಲ್ಲವನ್ನೂ ಹೇರಿಕೊಂಡು ಬಾಡಿಗೆ ಜೀಪು ಕಳಸದ ಕಡೆ ಹೋಯಿತು. ಲಕ್ಕಯ್ಯ ಬೈಯಲಿಲ್ಲ. ಬೈದಿದ್ದರೆ ರುದ್ರಾಣಿಗೆ ಒಂದಿಷ್ಟು ಅನ್ನ ಇಳಿಯುತ್ತಿತ್ತೇನೋ.

ಸುದೀಪ ಬರುವಷ್ಟರಲ್ಲಿ ಅವಳು ಸೆಟ್ಟಿಂಗ್ಸ್ ಹುಡುಕಿ ತೆರೆದಿಟ್ಟಿದ್ದಳು. ಕಳಿಸುವವರು: ದೂರು ಕೊಟ್ಟವರ ಹೆಸರು.

"ಇದೇನು?"

ಅವನ ಮುಖ ಬಿಳಿಚಿತು. "ಟೆಸ್ಟ್ ಮಾಡ್ವಾಗ ಕಳಿಸಿದವರ ಜಾಗದಲ್ಲಿ ನಿಮ್ಮ ಹೆಸ್ರು ಬಂತು. ತೆಗೀಲಿಕ್ಕೆ ಮನಸ್ಸಾಗ್ಲಿಲ್ಲ. ನಾಳೆ ಬದಲಾಯಿಸ್ತೀನಿ, ನಾಳೆ ಬದಲಾಯಿಸ್ತೀನಿ ಅಂತ... ರುದ್ರಾಣಿ, ನಿಮ್ಮನ್ನ ಪ್ರೀತಿಸ್ತೀನಿ."

ಈ ಮಾತನ್ನು ಅವಳು ಎಷ್ಟು ಸಲ ಮನಸ್ಸಿನೊಳಗೇ ಅವನ ಬಾಯಿಂದ ಆಡಿಸಿ ಕೇಳಿದ್ದಳು! ಈಗ ಕಿವಿಗೆ ಕಾದ ಎಣ್ಣೆ ಬಿಟ್ಟಂತಾಯಿತು.

"ನಿಮ್ಮ ಪ್ರೀತಿಗೆ ಲಕ್ಕಯ್ಯ ಮಾವನ ಸೂರೇ ಬೇಕಿತ್ತಾ?"

"ತಪ್ಪು ನಂದು."

"ನಂದೂ ಹೌದು. ಮೇಲಲ್ಲಿ ನನ್ನ ಹೆಸ್ರು ಕಾಣುತ್ತೆ ಅಂತ ನೀವಂದಾಗ್ಲೇ ಹೆಂಗೆ ಕಾಣುತ್ತೆ ಅಂತ ಕೇಳ್ಬೇಕಿತ್ತು. ಕೇಳ್ಲಿಲ್ಲ. ನಂಗೂ ಹಿತವಾಗಿತ್ತು." ಅವಳು ಕೀಬೋರ್ಡ್ ಅವನತ್ತ ತಳ್ಳಿದಳು. "ಬದಲಾಯಿಸಿ. ನನ್ನ ಕಣ್ಣೆದುರೇ."

ಅವನು ಬದಲಾಯಿಸಿದ. ಕಳಿಸುವವರು: ಎಸ್ಟೇಟ್ ಆಫೀಸ್. ಇನ್ನು ಲೈನಿನ ಯಾರ ಹೆಸರೂ ಓಂಕಾರಪ್ಪನಿಗೆ ಸಿಗದು.

ಅವಳು ಕೀಬೋರ್ಡ್ ತನ್ನತ್ತ ಎಳೆದುಕೊಂಡು ಹೊಸ ದೂರು ಟೈಪ್ ಮಾಡಿದಳು: ಲಕ್ಕಯ್ಯನ ಮನೆ ವಾಪಸ್ ಕೊಡಬೇಕು, ಮದ್ದು ಹೊಡೆಯುವವರಿಗೆಲ್ಲ ಕೈಗವಸು ಕೊಡಬೇಕು. ಕೊನೆಯ ಸಾಲಿನಲ್ಲಿ, ಇದನ್ನು ಬರೆದವಳು ರುದ್ರಾಣಿ.

"ಹೆಸ್ರು ಬೇಡ! ನಾಳೆ ನಿಮ್ಮನ್ನೂ ಓಡಿಸ್ತಾರೆ."

"ಗೊತ್ತು. ನನ್ನ ಹೆಸ್ರು ನೋಡ್ಬೇಕಿತ್ತಲ್ಲ ನಿಮಗೆ? ನೋಡಿ, ಈ ಸಲ ನಾನೇ ಹಾಕಿದ್ದೀನಿ."

ಕಳಿಸುವ ಗುಂಡಿ ಒತ್ತಿದಳು. ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿಯುವಾಗ, ಹಿಂದೆ ಅವನ ಲ್ಯಾಪ್‌ಟಾಪಿಗೆ ಮೇಲ್ ಬಂದ ಸದ್ದು ಕೇಳಿಸಿತು.