ನೋಡದೆ ಹೊಗಳಿದ ನಾಲ್ಕನೆಯ ಅಂಕ

ತಾನು ಆಡದ ನಾಟಕದಲ್ಲಿ ತಾನು ಅದ್ಭುತವಾಗಿ ಅಭಿನಯಿಸಿದ ಸುದ್ದಿ ಡಾರ್ಕಸ್ ಪೆಲ್‌ಗೆ ತಿಳಿದದ್ದು ಹಾಸಿಗೆಯಲ್ಲಿ. ಕತ್ತಿಗೆ ಉಣ್ಣೆಬಟ್ಟೆ ಸುತ್ತಿಕೊಂಡು ಮಲಗಿದ್ದಳು. ಗಂಟಲು ಕಟ್ಟಿ ಹೋಗಿತ್ತು. ಮನೆಯೊಡತಿ ಮಿಸೆಸ್ ಗಾಬ್ ಒಂದು ಕೈಯಲ್ಲಿ ಗಂಜಿ, ಇನ್ನೊಂದು ಕೈಯಲ್ಲಿ 'ಥೇಮ್ಸ್ ಮ್ಯಾಗಜೀನ್'ನ ಹೊಸ ಸಂಚಿಕೆ ಹಿಡಿದು ಮೆಟ್ಟಿಲು ಹತ್ತಿ ಬಂದಳು.

"ಎದ್ದು ಕೂತ್ಕೋ ಹುಡುಗಿ. ನಿನ್ನನ್ನ ಹೊಗಳಿ ಅಟ್ಟಕ್ಕೇರಿಸಿದ್ದಾರೆ!"

"ಯಾರು?"

"ಇನ್ಯಾರು? ನಿನ್ನ ಕುರುಬ."

ಡಾರ್ಕಸ್‌ಳ ಕೆನ್ನೆ ಬಿಸಿಯಾಯಿತು. ಆ ಮ್ಯಾಗಜೀನಿನ ಕವಿತೆಯ ಪುಟಗಳಲ್ಲಿ ಬರೆಯುವವರೆಲ್ಲ ಕುರಿ ಕಾಯುವವರ ಹೆಸರಿಟ್ಟುಕೊಳ್ಳುತ್ತಿದ್ದರು. ಒಬ್ಬನೂ ಕುರಿಯ ಬಾಲ ಮುಟ್ಟಿದವನಲ್ಲ. ಅವರಲ್ಲಿ ಡೇಮನ್ ಎಂಬುವನು ಪ್ರತಿ ತಿಂಗಳೂ ಸೆಲಿಂಡಾ ಎಂಬುವಳಿಗೆ ಒಂದು ಕವಿತೆ ಬರೆಯುತ್ತಿದ್ದ. ಸೆಲಿಂಡಾಳ ಎಡಗೆನ್ನೆಯ ಮೇಲೆ ಮಚ್ಚೆಯಿತ್ತು. ಡಾರ್ಕಸ್‌ಳಿಗೂ ಇತ್ತು. ಡೇಮನ್ ಯಾರೆಂದು ಅವಳಿಗೆ ಗೊತ್ತಿತ್ತು, ಲಂಡನ್ನಿನ ಅರ್ಧ ಊರಿಗೂ ಗೊತ್ತಿತ್ತು. ಅವನು ಅದೇ ಮ್ಯಾಗಜೀನಿಗೆ ನಾಟಕದ ಸುದ್ದಿ ಬರೆಯುವ ಗಿಲ್ಬರ್ಟ್ ಆಶ್‌ಬಿ.

ಭಾನುವಾರ ಪಾರ್ಕಿನಲ್ಲಿ ಇಬ್ಬರೂ ಅಕಸ್ಮಾತ್ತಾಗಿ ಸಿಗುತ್ತಿದ್ದರು. ಆ ಅಕಸ್ಮಾತ್ತು ಒಂದು ಭಾನುವಾರವೂ ತಪ್ಪುತ್ತಿರಲಿಲ್ಲ. ಅವನು ಅವಳ ಕಡೆ ನೋಡುತ್ತಿದ್ದ, ಅವಳು ತಿರುಗಿದ ಕೂಡಲೇ ಕೆರೆಯ ಬಾತುಕೋಳಿಗಳನ್ನು ನೋಡುತ್ತಿದ್ದ. ಬಾಯಿಬಿಟ್ಟು ಮಾತ್ರ ಏನನ್ನೂ ಹೇಳುತ್ತಿರಲಿಲ್ಲ.

"ನಟಿಯ ಕೈ ಹಿಡಿದವನ ವಿಮರ್ಶೆಯನ್ನ ಯಾರು ನಂಬ್ತಾರೆ, ಮಿಸ್ ಪೆಲ್?" ಎಂದು ಒಮ್ಮೆ ಅಂದಿದ್ದ.

"ಹಾಗಾದ್ರೆ ನನ್ನನ್ನ ಚೆನ್ನಾಗಿ ಬೈದು ಬರೀರಿ. ಆಗ ನಂಬ್ತಾರೆ."

"ಅದೊಂದು ನನ್ನ ಕೈಲಿ ಆಗಲ್ಲ" ಎಂದು ನಕ್ಕಿದ್ದ. ಆ ನಗುವನ್ನು ಅವಳು ಒಂದು ವಾರ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದ್ದಳು.

ಮಿಸೆಸ್ ಗಾಬ್ ಕನ್ನಡಕ ಸರಿಮಾಡಿಕೊಂಡು ಜೋರಾಗಿ ಓದಿದಳು. "'ನಾಲ್ಕನೆಯ ಅಂಕದಲ್ಲಿ ಮಿಸ್ ಪೆಲ್ ಬರಿದಾದ ತೊಟ್ಟಿಲ ಮುಂದೆ ಮಂಡಿಯೂರಿದಾಗ ಸಭೆಯಲ್ಲಿ ಕಣ್ಣೊರೆಸಿಕೊಳ್ಳದವರಿರಲಿಲ್ಲ. ಇಂಥ ದುಃಖವನ್ನು ಈ ರಂಗ ಹಿಂದೆಂದೂ ಕಂಡಿಲ್ಲ.' ಅಲ್ಲ ಕಣೇ, ಆವತ್ತು ನೀನು ಇಲ್ಲೇ ಬಿದ್ಕೊಂಡಿದ್ದೆ ತಾನೇ?"

ಇಲ್ಲೇ ಬಿದ್ದುಕೊಂಡಿದ್ದಳು. ತಿಂಗಳ ಕೊನೆಯ ಆ ಸಂಜೆ, ಹೊಸ ದುರಂತ ನಾಟಕದ ಮೊದಲ ಪ್ರದರ್ಶನದ ಹೊತ್ತಿಗೆ, ಸ್ವರವೇ ಹೊರಡದೆ ದಿಂಬು ಕಚ್ಚಿ ಅತ್ತಿದ್ದಳು. ಅವಳ ಉಡುಪು ತೊಟ್ಟು ಆ ಪಾತ್ರವನ್ನು ಆಡಿದವಳು ಮಿಸ್ ಬಿಡಲ್ಫ್. ಹಾಗಿದ್ದರೆ ಗಿಲ್ಬರ್ಟ್ ಬೇಕೆಂದೇ ತನ್ನನ್ನು ಗೇಲಿ ಮಾಡಿದನೆ? ಗಂಜಿಯ ಬಟ್ಟಲನ್ನು ಪಕ್ಕಕ್ಕೆ ತಳ್ಳಿದಳು.

ಮರುದಿನ ಥಿಯೇಟರಿಗೆ ಹೋದಾಗ ನಟರ ಕೋಣೆಯಲ್ಲಿ ಮಾತು ಪಕ್ಕನೆ ನಿಂತಿತು. ಮ್ಯಾನೇಜರ್ ಮಿಸ್ಟರ್ ಓರ್ಮ್ ಅವಳನ್ನು ಪಕ್ಕಕ್ಕೆ ಕರೆದ. ಕೆಟ್ಟ ಮನುಷ್ಯನೇನಲ್ಲ. ಅವಳ ಮುಖ ನೋಡಲಾಗದೆ ತನ್ನ ಬೂಟಿನ ಬಕಲ್ ನೋಡುತ್ತ ಮಾತಾಡಿದ.

"ನಾಟಕದ ದಿನ ನೀನು ಹಾಸಿಗೇಲಿ ಇದ್ದೆ. ಹಾಗಾದ್ರೆ ಆ ಮಹಾಶಯ ನಿನ್ನ ಅಭಿನಯ ಎಲ್ಲಿ ನೋಡಿದ ಅಂತ ಊರೆಲ್ಲ ಕೇಳ್ತಿದೆ, ಡಾರ್ಕಸ್."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವನು ತನ್ನ ಹಾಸಿಗೆಯ ಪಕ್ಕದಲ್ಲೇ ಇದ್ದ ಎಂದು ಊರು ಆಡಿಕೊಳ್ಳುತ್ತಿತ್ತು.

"ನಿನ್ನೆ ನಾಲ್ಕನೇ ಅಂಕದಲ್ಲಿ ಜನ ಅದನ್ನೇ ಕೂಗಿದ್ರು" ಎಂದು ಓರ್ಮ್ ಮುಂದುವರಿಸಿದ. "ಪಾಪ ಬಿಡಲ್ಫ್ ಅಳ್ತಾ ಇದ್ದರೆ ಜನ ನಗ್ತಾ ಇದ್ರು. ನೀನೇ ಹೋಗಿ ನಿಂತರೆ ಏನಾಗಬಹುದು, ಹೇಳು. ಪಾತ್ರ ಅವಳಿಗೇ ಇರಲಿ. ನಿನಗೂ ಇಲ್ಲಿ ಇನ್ನು ಕಷ್ಟ."

ವರ್ಷಗಟ್ಟಲೆ ಅವಳು ಆ ರಂಗದ ಮೇಲೆ ತಟ್ಟೆ ತಂದಿಟ್ಟಿದ್ದಳು, ಮೇಣದಬತ್ತಿ ಹಚ್ಚಿದ್ದಳು, ರಾಣಿಯರ ಸೆರಗು ಎತ್ತಿ ಹಿಡಿದಿದ್ದಳು. ಯಾವ ಶ್ರೀಮಂತನ ಬಂಡಿಯನ್ನೂ ಹತ್ತದೆ, ಯಾರ ಉಡುಗೊರೆಯನ್ನೂ ಮುಟ್ಟದೆ, ಕೊನೆಗೊಂದು ಪಾತ್ರ ಸಂಪಾದಿಸಿದ್ದಳು. ಅದೆಲ್ಲ ಒಂದು ಹೊಗಳಿಕೆಯ ಮಾತಿಗೆ ಮಣ್ಣುಪಾಲಾಯಿತು.

ಅವಳು ಅಲ್ಲಿಂದ ನೇರ ಹೋದದ್ದು ಸೇಂಟ್ ಪಾಲ್ಸ್ ಚರ್ಚಿನ ಹಿಂದಿನ ಗಲ್ಲಿಯಲ್ಲಿದ್ದ ಮ್ಯಾಗಜೀನಿನ ಅಂಗಡಿಗೆ. ಒಳಗೆ ಹಗ್ಗದ ಮೇಲೆ ಒದ್ದೆ ಹಾಳೆಗಳನ್ನು ಒಣಹಾಕಿದ್ದರು. ಅವುಗಳ ಸಂದಿನಿಂದ ಗಿಲ್ಬರ್ಟ್ ಹೊರಬಂದ. ಕೂದಲು ಕೆದರಿತ್ತು, ತೋಳಿನ ಅಂಚಿಗೆಲ್ಲ ಶಾಯಿ. ಅವನ ಕಣ್ಣು ಮೊದಲು ಹೋದದ್ದು ಅವಳ ಕತ್ತಿನ ಉಣ್ಣೆಬಟ್ಟೆಗೆ.

"ಗಂಟಲು ಹೇಗಿದೆ?"

"ಕೊಂದವರೇ ಕ್ಷೇಮ ಕೇಳ್ತಾರಾ? ಯಾಕೆ ಹೀಗೆ ಮಾಡಿದ್ರಿ? ನಾನೇನು ಅನ್ಯಾಯ ಮಾಡಿದ್ದೆ ನಿಮಗೆ?"

"ನಾನು ಗೇಲಿ ಮಾಡಿದೆ ಅಂದ್ಕೊಂಡ್ರಾ?" ಅವನ ಮುಖ ಬಿಳಚಿಕೊಂಡಿತು. "ಮಿಸ್ ಪೆಲ್, ತಿಂಗಳ ಕೊನೇಲಿ ಹೊಸ ನಾಟಕ ಬಂದ್ರೆ ನಾವು ಯಾರೂ ನೋಡಿ ಬರೆಯಲ್ಲ. ಮಧ್ಯಾಹ್ನವೇ ಪುಟ ಅಚ್ಚಿಗೆ ಹೋಗಬೇಕು. ರಿಹರ್ಸಲ್ ನೋಡ್ತೀವಿ, ಬರೆದುಬಿಡ್ತೀವಿ. ಈ ಗಲ್ಲೀಲಿ ಎಲ್ಲರೂ ಮಾಡೋದು ಹಾಗೇ. ಓದೋರಿಗೆ ಮಾತ್ರ ಗೊತ್ತಿಲ್ಲ."

ಅವಳು ನಡುವೆ ತೂಗುತ್ತಿದ್ದ ಹಾಳೆಯನ್ನು ಸರಿಸಿ ಅವನೆದುರಿಗೆ ಬಂದಳು.

"ಸಂಜೆ ನಿಮ್ಮ ಉಡುಪಲ್ಲಿ ಬೇರೆಯವರು ಬಂದರು. ನಾನು ಜನರ ಕಾಲು ತುಳೀತಾ ಎದ್ದು ಇಲ್ಲಿಗೆ ಓಡಿ ಬಂದೆ. ಅಷ್ಟರಲ್ಲಿ ಹಾಳೆಗಳು ಅಚ್ಚಾಗಿ ಹೊಲಿಗೆಗೆ ಹೋಗಿದ್ವು."

"ಸ್ವಲ್ಪ ಕಮ್ಮಿ ಹೊಗಳಬಾರದಿತ್ತಾ?" ಎಂದಳು ಒಡಕು ಸ್ವರದಲ್ಲಿ. "ಪರವಾಗಿಲ್ಲ, ಚೆನ್ನಾಗಿತ್ತು ಅಂತ ಒಂದು ಸಾಲು ಬರೆದಿದ್ರೆ ಯಾರೂ ತಲೆ ಕೆಡಿಸ್ಕೊತಿರಲಿಲ್ಲ."

"ರಿಹರ್ಸಲ್‌ನಲ್ಲಿ ಆ ತೊಟ್ಟಿಲ ಮುಂದೆ ನೀವು ಕೂತಿದ್ದನ್ನ ನೋಡಿದ್ದೆ. ಬರೀವಾಗ ಕೈ ನನ್ನ ಮಾತು ಕೇಳಲಿಲ್ಲ."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆ ಶಾಯಿಯಾದ ಕೈಯನ್ನು ಹಿಡಿದುಕೊಳ್ಳಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

"ಹಾಗಾದ್ರೆ ನಿಜ ಬರೀರಿ. ನಾಟಕ ನೋಡದೇ ಬರೆದೆ ಅಂತ."

ಒಳಕೋಣೆಯಿಂದ ಮಾಲೀಕ ಮಿಸ್ಟರ್ ಟಫ್ನೆಲ್ ಅಬ್ಬರಿಸಿದ. "ನನ್ನ ಹೆಣ ಬಿದ್ದಮೇಲೆ ಬರೀಲಿ! ಅದನ್ನ ಅಚ್ಚು ಹಾಕಿದ್ರೆ ನಾಳೆಯಿಂದ ನಮ್ಮ ಒಂದು ಅಕ್ಷರಾನಾದ್ರೂ ಯಾರಾದರೂ ನಂಬ್ತಾರಾ?"

ಗಿಲ್ಬರ್ಟ್ ಅತ್ತ ತಿರುಗಿಯೂ ನೋಡಲಿಲ್ಲ. "ಬರೀತೀನಿ" ಎಂದ.

ಬರೆದ ಕೂಡ. ಟಫ್ನೆಲ್ ಊರಲ್ಲಿಲ್ಲದ ದಿನ ತಾನೇ ಅಚ್ಚಿನ ಮೊಳೆ ಜೋಡಿಸಿ, ಮುಂದಿನ ಸಂಚಿಕೆಯ ಕೊನೆಯ ಪುಟದಲ್ಲಿ ಹಾಕಿಬಿಟ್ಟ. ತಾನು ನಾಟಕ ನೋಡದೆ ಬರೆದೆ, ಮಿಸ್ ಪೆಲ್‌ಗೆ ಅದರ ಸುಳಿವೂ ಇರಲಿಲ್ಲ, ತಪ್ಪೆಲ್ಲ ತನ್ನದು ಎಂದು. ಅದು ಹೊರಬಂದ ದಿನವೇ ಅವನ ಕೆಲಸ ಹೋಯಿತು. ಊರು ಮಾತ್ರ ಇನ್ನಷ್ಟು ನಕ್ಕಿತು. ಆಟ ನೋಡದೆಯೇ ಅವಳನ್ನು ಅಷ್ಟು ಹೊಗಳಬೇಕಾದರೆ ಒಳಗೆ ಏನಿರಬೇಕು ಎಂದು ಕಾಫಿಹೌಸಿನಲ್ಲಿ ಕಣ್ಣು ಮಿಟುಕಿಸಿದರು. ಬೀದಿಯಲ್ಲಿ ಹಾಡಿನ ಹಾಳೆ ಮಾರುವವರು ಅದರ ಮೇಲೂ ಹಾಡು ಕಟ್ಟಿದರು. ಓರ್ಮ್ ಅವಳನ್ನು ಮತ್ತೆ ಕರೆಯಲಿಲ್ಲ.

ನಾರಿಚ್ ಊರಿನ ಒಂದು ಸಣ್ಣ ಕಂಪನಿ ಅವಳನ್ನು ಕರೆಯಿತು. ಹೊರಡುವ ಬೆಳಿಗ್ಗೆ, ಬಂಡಿ ನಿಲ್ಲುವ ಛತ್ರದ ಅಂಗಳದಲ್ಲಿ, ಕುದುರೆ ಕಟ್ಟುತ್ತಿದ್ದವರ ನಡುವೆ ನುಗ್ಗಿಕೊಂಡು ಗಿಲ್ಬರ್ಟ್ ಬಂದ. ಒಗೆದ ಅಂಗಿ ತೊಟ್ಟಿದ್ದ. ತೋಳಿನಲ್ಲಿ ಶಾಯಿ ಇರಲಿಲ್ಲ. ಅದನ್ನು ನೋಡಿ ಅವಳು ಮುಖ ತಿರುಗಿಸಿದಳು.

"ಈಗ ನಾನು ವಿಮರ್ಶಕ ಅಲ್ಲ, ಡಾರ್ಕಸ್" ಎಂದ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಇನ್ನು ನನಗೆ ಯಾವ ತಡೆಯೂ ಇಲ್ಲ. ನನ್ನನ್ನ ಮದುವೆ ಆಗ್ತೀರಾ?"

ಅವಳು ಕೈಗವಸಿನ ದಾರ ಎಳೆಯುತ್ತ ನಿಂತಳು.

"ಮೊನ್ನೆ ಆ ಹಾಡು ಮಾರ್ತಿದ್ದವನನ್ನ ತಡೆದು ನಿಲ್ಲಿಸಿದೆ. ಇದೆಲ್ಲ ಸುಳ್ಳು ಕಣಯ್ಯ ಅನ್ನೋಣ ಅಂತ ಹೋದೆ. ಬಾಯಿ ಬರಲಿಲ್ಲ. ಯಾಕಂದ್ರೆ ಅದರಲ್ಲಿ ಒಂದು ಮಾತು ನಿಜ, ಗಿಲ್ಬರ್ಟ್. ನಾನು ನಿಮ್ಮನ್ನ ಪ್ರೀತಿಸ್ತೀನಿ."

ಅವನ ಮುಖ ಅರಳಿತು. ಅದನ್ನು ನೋಡುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು.

"ಇವತ್ತು ನಿಮ್ಮ ಕೈ ಹಿಡಿದರೆ ಮಿಕ್ಕಿದ್ದೂ ನಿಜ ಆಗಿಬಿಡತ್ತೆ" ಎಂದಳು. "ಹೊಗಳಿಕೆಗೆ ಕೊಟ್ಟ ಬೆಲೆ ಅಂತಾರೆ. ಸಾಯೋವರೆಗೂ ಅಂತಾರೆ. ಆಮೇಲೆ ನಾನು ಎಲ್ಲಿ ಅತ್ತರೂ ಜನ ನಗ್ತಾರೆ."

"ನಾರಿಚ್‌ನಲ್ಲಿ ನಮ್ಮನ್ನ ಯಾರು ಬಲ್ಲರು?"

ಅವಳು ಬಂಡಿಯ ನೆತ್ತಿಯ ಕಡೆ ಕೈ ತೋರಿದಳು. ಅಲ್ಲಿ ಆಳುಗಳು ಮ್ಯಾಗಜೀನಿನ ಕಟ್ಟುಗಳನ್ನು ಹಗ್ಗದಿಂದ ಬಿಗಿಯುತ್ತಿದ್ದರು.

"ನನ್ನ ಜೊತೇಲೇ ಬರ್ತಿದೆ ನೋಡಿ. ಒಬ್ಬಳೇ ಹೋದರೆ, ಪಾಪ, ಎಲ್ಲ ಸುಳ್ಳಿರಬೇಕು ಅಂತ ಒಂದು ದಿನ ಅಂದಾರು. ನಿಮ್ಮ ತೋಳು ಹಿಡಿದು ಇಳಿದರೆ ಮುಗೀತು."

"ಹಾಗಾದ್ರೆ ಕಾಯ್ತೀನಿ. ಎಷ್ಟು ವರ್ಷ ಆದ್ರೂ."

"ಬೇಡ!" ಅವಳು ಅವನ ಬಾಯಿ ಮುಚ್ಚಿದಳು. ಅಂಗಳದವರೆಲ್ಲ ನೋಡುತ್ತಿದ್ದರೂ ಕೈ ತೆಗೆಯಲಿಲ್ಲ. "ಕಾಯ್ತೀರಿ ಅಂತ ಗೊತ್ತಾದ್ರೆ ನಾನು ವಾಪಸ್ ಬಂದುಬಿಡ್ತೀನಿ. ದಮ್ಮಯ್ಯ, ಕಾಯಬೇಡಿ."

ಅವನು ಆ ಕೈಯನ್ನು ತುಟಿಗೊತ್ತಿಕೊಂಡ. ಬಂಡಿಯವನು ಕೊಂಬು ಊದಿದ. ಅವಳು ಹತ್ತಿ ಕೂತಳು, ಕಿಟಕಿಯ ಕಡೆ ಬೆನ್ನು ಹಾಕಿ.

ಊರು ದಾಟುವವರೆಗೂ ಹೇಗೋ ತಡೆದುಕೊಂಡಳು. ಆಮೇಲೆ ಅಳು ಕಿತ್ತುಕೊಂಡು ಬಂತು. ಮೂಗು ಸೋರಿಸಿಕೊಂಡು, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಎದುರು ಕೂತಿದ್ದ ಮೊಟ್ಟೆ ಮಾರುವ ದಪ್ಪ ಹೆಂಗಸು ಬುಟ್ಟಿ ಬದಿಗಿಟ್ಟು, ತನ್ನ ಏಪ್ರನ್ನಿನ ತುದಿಯಿಂದಲೇ ಅವಳ ಮುಖ ಒರೆಸಿದಳು.

"ಯಾರು ಹೋದ್ರು, ಮಗಳೇ?"

"ಯಾರೂ ಇಲ್ಲ. ಒಬ್ಬರನ್ನ ಬೇಡ ಅಂದು ಬಂದೆ."

"ಕುಡುಕನಾ? ಹೊಡೀತಿದ್ದನಾ?"

"ಇಲ್ಲಮ್ಮ. ಒಳ್ಳೆಯವರು."

"ಮತ್ತೆ ಬೇಡ ಅನ್ನೋವಂಥದ್ದು ಏನು ಮಾಡಿದ?"

"ನನ್ನನ್ನ ಹೊಗಳಿದರು" ಎಂದಳು ಡಾರ್ಕಸ್. ಆ ಹೆಂಗಸು ಬಾಯಿ ತೆರೆದು ಅವಳನ್ನೇ ನೋಡಿದಳು, ಮತ್ತೇನೂ ಕೇಳದೆ ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.