ಜಂಭಕನ ಮೂರು ಸೋರೆಬುರುಡೆಗಳು

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲ. ಏಳು ಹೊಳೆಗಳ ಆಚೆ ತುಂಬೆಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಕಣಜಗಳು ತುಂಬಿದ್ದವು, ಕೊಟ್ಟಿಗೆಗಳು ತುಂಬಿದ್ದವು, ತುಪ್ಪದ ಗಡಿಗೆಗಳು ತುಂಬಿದ್ದವು. ಆದರೂ ಅಲ್ಲಿಯ ಜನ ಹಸಿವಿನಿಂದ ಸತ್ತರು. ಅದು ಹೇಗಾಯಿತು, ಅರಮನೆಯ ಅಡುಗೆಯವಳು ದ್ಯಾಮವ್ವ ಏನು ಮಾಡಿದಳು, ಕೇಳಿ.

ಸುಗ್ಗಿ ಮುಗಿದ ದಿನ ಅರಸ ಇಡೀ ಊರಿಗೆ ಊಟ ಹಾಕಿಸಿದ. ಪಂಕ್ತಿಯ ಕೊನೆಯಲ್ಲಿ ಒಬ್ಬ ಉದ್ದನೆಯ ಮನುಷ್ಯ ಕೂತಿದ್ದ. ಮೈಯೆಲ್ಲ ಬರೀ ಮೂಳೆ, ತೊಗಲು. ಹತ್ತು ಜನರ ಅನ್ನ ಉಂಡ. ಇಪ್ಪತ್ತು ಜನರ ಅನ್ನ ಉಂಡ. ಇನ್ನೂ ಬೇಕು ಎಂದ. ಬಡಿಸುವವರು ನಕ್ಕರು. ಅರಸನೂ ನಕ್ಕ.

ಆ ಮನುಷ್ಯ ಎಲೆ ಬಿಟ್ಟು ಎದ್ದ. ಅವನು ಕರಿಗವಿಯ ಮಾಯಾವಿ ಜಂಭಕ.

"ನಗಿರಿ," ಎಂದ ಅವನು. "ನಾಳೆಯಿಂದ ನೀವೂ ನನ್ನ ಹಾಗೇ ಉಣ್ಣುವಿರಿ. ಹೊಟ್ಟೆ ತುಂಬ ಉಣ್ಣುವಿರಿ. ಉಂಡದ್ದು ಯಾವುದೂ ನಿಮ್ಮದಾಗುವುದಿಲ್ಲ."

ಹೆಗಲಿನಿಂದ ಮೂರು ಸೋರೆಬುರುಡೆ ಇಳಿಸಿ ಅವುಗಳ ಬಾಯಿ ತೆರೆದ. ಪಂಕ್ತಿಯಲ್ಲಿ ಕೂತ ಎಲ್ಲರ ಬಾಯಿಂದಲೂ ತೆಳ್ಳನೆಯ ಮಂಜು ಹೊರಟಿತು. ಅರಸನ ಬಾಯಿಂದ ಹೊರಟಿತು, ಬಾಣಂತಿಯರ ಬಾಯಿಂದ ಹೊರಟಿತು, ತೊಟ್ಟಿಲ ಕೂಸುಗಳ ಬಾಯಿಂದಲೂ ಹೊರಟಿತು. ಮಂಜೆಲ್ಲ ಬುರುಡೆ ಸೇರಿತು. ಜಂಭಕ ಬಿರಡೆ ಹಾಕಿ ಹೊರಟುಹೋದ.

ಮರುದಿನದಿಂದ ಜನ ಉಂಡದ್ದು ಉಂಡ ಹಾಗೇ ಹೊರಗೆ ಹೋಗತೊಡಗಿತು. ಎಷ್ಟು ತಿಂದರೂ ಮೈಗೆ ಹತ್ತಲಿಲ್ಲ. ಹದಿನೈದು ದಿನಕ್ಕೆ ಕೆನ್ನೆ ಇಳಿದವು. ತಿಂಗಳಿಗೆ ತೊಟ್ಟಿಲುಗಳು ಖಾಲಿಯಾದವು. ಆಮೇಲೆ ಮುದುಕರ ಸರದಿ ಬಂತು.

ರಾಜವೈದ್ಯ ಶೂಲಪಾಣಿ ಪಂಡಿತ ಅರಮನೆಯ ಅಂಗಳದಲ್ಲಿ ನಿಂತು ಸಾರಿದ: "ಜಠರದ ಬೆಂಕಿ ಆರಿದೆ. ಹೊತ್ತಿಸಬೇಕು." ಮೆಣಸು ಕುಡಿಸಿದ, ಶುಂಠಿ ಕುಡಿಸಿದ, ಕೊನೆಗೆ ಲೋಹ ಕರಗಿಸುವ ಹುಳಿನೀರನ್ನೂ ಕುಡಿಸಿದ. ಕುಡಿದವರ ಗಂಟಲು ಸುಟ್ಟಿತು. ಕೆಲವರು ರಕ್ತ ಕಾರಿ ಸತ್ತರು.

ದ್ಯಾಮವ್ವನ ಗಂಡ ಹಿಂದೆಯೇ ತೀರಿಕೊಂಡಿದ್ದ. ಮನೆಯಲ್ಲಿ ಅತ್ತೆ ಮತ್ತು ಆರು ವರ್ಷದ ಮಗಳು ಚಿಗರಿ. ಒಂದು ಬೆಳಿಗ್ಗೆ ಅತ್ತೆ ವಾಂತಿ ಮಾಡಿಕೊಂಡಳು. ದ್ಯಾಮವ್ವ ಅದನ್ನು ಬಳಿಯಲು ಕೂತವಳು ಹಾಗೇ ನೋಡುತ್ತ ಉಳಿದಳು. ಮೂಗಿಗೆ ಹುಳಿ ಹೊಡೆಯಿತು. ಮಾಂಸದ ಚೂರು ಬೆಳ್ಳಗಾಗಿ ಉಬ್ಬಿತ್ತು, ಆದರೆ ಕರಗದೆ ಇಡಿಯಾಗೇ ಇತ್ತು. ಅದರ ಹಿಂದೆ ಹಳದಿ ಪಿತ್ತವೂ ಬಂದಿತ್ತು.

ಅತ್ತೆಯ ಬಾಯಿ ಒರೆಸಿ ಮಲಗಿಸಿ ನೇರ ಪಂಡಿತನ ಬಳಿ ಹೋದಳು.

"ಪಂಡಿತರೇ, ಬೆಂಕಿ ಆರಿಲ್ಲ. ಹೊಟ್ಟೆಯ ಹುಳಿ ಇದೆ, ಪಿತ್ತವೂ ಇದೆ. ಹೋಗಿರುವುದು ಬೇರೆ ಏನೋ. ಮೊದಲೆಲ್ಲ ಅನ್ನ ಅಗಿಯುತ್ತ ಇದ್ದರೆ ಬಾಯಲ್ಲೇ ಸಿಹಿಯಾಗುತ್ತಿತ್ತು. ಈಗ ಎಷ್ಟು ಅಗಿದರೂ ಆಗುತ್ತಿಲ್ಲ. ಬಾಯಲ್ಲಿ ಯಾವ ಬೆಂಕಿ ಇತ್ತು, ಹೇಳಿ?"

"ಸೌಟು ಹಿಡಿಯುವವಳು ನನಗೆ ವೈದ್ಯ ಹೇಳುತ್ತೀಯಾ? ನಡಿ ಆಚೆ!" ಎಂದ ಪಂಡಿತ. ಅವನ ಮನೆಯಲ್ಲಿ ಆಗಲೇ ಇಬ್ಬರು ಹೋಗಿದ್ದರು.

ಅತ್ತೆ ಮೂರನೆಯ ದಿನ ಸತ್ತಳು. ಚಿಗರಿ ಉಸಿರು ಹಿಡಿದುಕೊಂಡಿದ್ದಕ್ಕೆ ಒಂದೇ ಕಾರಣ, ಜೇನುತುಪ್ಪ. ಜೇನು ಮಾತ್ರ ಮಗುವಿನ ಮೈಯಲ್ಲಿ ನಿಲ್ಲುತ್ತಿತ್ತು. ನೆಕ್ಕಿದ ಮೇಲೆ ಸ್ವಲ್ಪ ಹೊತ್ತು ಕಣ್ಣು ತೆರೆಯುತ್ತಿದ್ದಳು. ಆದರೆ ತೋಳು, ತೊಡೆ ದಿನದಿನಕ್ಕೂ ಕರಗುತ್ತಿದ್ದವು. ಜೇನೊಂದೇ ಯಾಕೆ ನಿಲ್ಲುತ್ತದೆ ಎಂದು ದ್ಯಾಮವ್ವ ಯೋಚಿಸಿದಳು. ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಕಾಡಿಗೆ ಹೋಗಿ, ಜೇನು ಕೀಳುವ ಕೆಂಚಜ್ಜಿಯನ್ನು ಕೇಳಿದಳು.

ಕೆಂಚಜ್ಜಿಯೂ ಜೇನಿನಿಂದಲೇ ಬದುಕಿದ್ದಳು. ಕಾಡಿನ ಬೆಟ್ಟಗಳು ಆಡುವ ಮಾತು ಅವಳಿಗೆ ತಿಳಿಯುತ್ತಿತ್ತು.

"ಜೇನನ್ನು ಹುಳಗಳೇ ಕತ್ತರಿಸಿ ಇಟ್ಟಿರುತ್ತವೆ ಮಗಳೇ," ಎಂದಳು ಅಜ್ಜಿ. "ನಮಗೆ ಅದರಲ್ಲಿ ಕೆಲಸ ಉಳಿದಿಲ್ಲ. ಉಳಿದ ಅನ್ನಾಹಾರವೆಲ್ಲ ಉದ್ದುದ್ದ ಸರಪಳಿ. ಕೊಂಡಿ ಕೊಂಡಿ ಬಿಡಿಸದೆ ಮೈ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಿಡಿಸುವವರು ಇದ್ದರು. ಕಣ್ಣಿಗೆ ಕಾಣದಷ್ಟು ಸಣ್ಣವರು. ಕಿಣ್ವ ಅಂತ ಅವರ ಹೆಸರು. ಜಂಭಕ ಒಯ್ದದ್ದು ಅವರನ್ನೇ."

"ಹುಳಿ ಬಿಡಿಸುವುದಿಲ್ಲವೇ ಅಜ್ಜಿ? ಪಿತ್ತ?"

"ಹುಳಿ ನೆನೆಸುತ್ತದೆ, ಸಡಿಲ ಮಾಡುತ್ತದೆ. ಪಿತ್ತ ಜಿಡ್ಡನ್ನು ಚದುರಿಸುತ್ತದೆ. ಕೊಂಡಿ ಕತ್ತರಿಸುವುದು ಕಿಣ್ವ ಮಾತ್ರ. ಅದರಲ್ಲೂ ಒಬ್ಬೊಬ್ಬರಿಗೆ ಒಂದೊಂದೇ ಕೊಂಡಿ ಗೊತ್ತು. ಅನ್ನದವನಿಗೆ ಮಾಂಸ ತಿಳಿಯದು, ಮಾಂಸದವನಿಗೆ ತುಪ್ಪ ತಿಳಿಯದು. ಇನ್ನೊಂದು ಮಾತು. ಮಾಂಸ ಕತ್ತರಿಸುವವರನ್ನು ಮೈ ಸುಮ್ಮನೆ ಬಿಟ್ಟಿರುವುದಿಲ್ಲ. ಒರೆಯಲ್ಲಿಟ್ಟು, ಊಟ ಬಂದಾಗ ಬಿಚ್ಚುತ್ತದೆ. ಇಲ್ಲವಾದರೆ ಅವರು ಮೈಯನ್ನೇ ಕತ್ತರಿಸುತ್ತಾರೆ."

ದ್ಯಾಮವ್ವ ಮಗಳನ್ನು ಅಜ್ಜಿಯ ಮಡಿಲಿಗೆ ಹಾಕಿದಳು. ಚಿಗರಿ ಅಳಲಿಲ್ಲ. ಅಳುವಷ್ಟು ಶಕ್ತಿ ಅವಳಲ್ಲಿರಲಿಲ್ಲ.

ಅಜ್ಜಿ ಹೇಳಿದ ದಾರಿ ಹಿಡಿದು, ಅವಳು ಕೊಟ್ಟ ಜೇನು ನೆಕ್ಕುತ್ತ ಏಳು ದಿನ ನಡೆದು ಕರಿಗವಿ ಮುಟ್ಟಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಗವಿಯ ಬಾಯಲ್ಲಿ ಕತ್ತಿಗಳು ಬಿದ್ದಿದ್ದವು, ಕತ್ತಿಗಳ ಪಕ್ಕದಲ್ಲಿ ತಲೆಬುರುಡೆಗಳು ಬಿದ್ದಿದ್ದವು. ನಡುವೆ ಜಂಭಕ ಕೂತು ಉಣ್ಣುತ್ತಿದ್ದ.

"ಬಂದವರೆಲ್ಲ ಕತ್ತಿ ತಂದರು. ನೀನೇನು ತಂದೆ?"

"ಸೌಟು ತಂದಿದ್ದೇನೆ. ನಮ್ಮ ಕಿಣ್ವಗಳನ್ನು ಕೊಡು."

ಜಂಭಕ ಎಲೆಯಿಂದ ತಲೆ ಎತ್ತಲಿಲ್ಲ. "ಹುಟ್ಟಿದಾಗಿನಿಂದ ನನ್ನಲ್ಲಿ ಅವು ಇಲ್ಲ. ಹುಳಿ ಇದೆ, ಪಿತ್ತವಿದೆ, ಅವು ಇಲ್ಲ. ನಾನು ಉಂಡು ಮೈಗೆ ಹತ್ತದೆ ಹೋದದ್ದೆಲ್ಲ ಈ ಗವಿಯಲ್ಲಿ ಜೀವ ತಳೆದು ಕೂತಿದೆ. ಮೂರು ಬಾಗಿಲ ಹಿಂದೆ ಮೂರು ಪ್ರಾಣಿ. ಅಗೋ, ಮೂರು ಸೋರೆಬುರುಡೆಯಲ್ಲಿ ನಿಮ್ಮ ಕಿಣ್ವ. ಎರಡು ಮಡಕೆಯಲ್ಲಿ ನನ್ನ ಹೊಟ್ಟೆಯ ಹುಳಿ ಮತ್ತು ಪಿತ್ತ. ಯಾವ ಬುರುಡೆ ಯಾವ ಕೆಲಸಕ್ಕೆಂದು ತಿಳಿಯದೆ ಕುಡಿಯಲು ನನಗೆ ಭಯ. ಮೂರನ್ನೂ ಗೆದ್ದು ತೋರಿಸು. ಬುರುಡೆ ಒಯ್ಯುವೆಯಂತೆ."

ದ್ಯಾಮವ್ವ ಬುರುಡೆ ಮಡಕೆಗಳನ್ನು ಬುಟ್ಟಿಯಲ್ಲಿಟ್ಟು ಹೊತ್ತು ಮೊದಲ ಬಾಗಿಲು ದೂಡಿದಳು.

ಒಳಗೆ ಅನ್ನದ ಭೂತವಿತ್ತು. ಬೆಂದ ಅನ್ನವೆಲ್ಲ ಅಂಟಿಕೊಂಡು ಗೋಡೆಯಷ್ಟು ದೊಡ್ಡದಾಗಿ ಅವಳ ಮೇಲೆ ಜರುಗಿ ಬಂತು. ಕಾಲು ಹೂತಿತು, ಮೊಣಕಾಲು ಹೂತಿತು. ದ್ಯಾಮವ್ವ ಹೆದರಿದಳು, ಆದರೂ ಅಡುಗೆಯವಳ ಕೈ ತನ್ನ ಕೆಲಸ ಬಿಡಲಿಲ್ಲ. ಭೂತದ ಮೈಯಿಂದ ಸೌಟಿನಲ್ಲಿ ಒಂದಿಷ್ಟು ತೆಗೆದು, ಒಂದು ಬುರುಡೆಯ ಹನಿ ಬಿಟ್ಟು ರುಚಿ ನೋಡಿದಳು. ಸಪ್ಪೆ. ಇನ್ನೊಂದರ ಹನಿ ಬಿಟ್ಟಳು. ಸಪ್ಪೆ. ಮೂರನೆಯದರ ಹನಿ ಬಿದ್ದದ್ದೇ ಅನ್ನ ನೀರಾಯಿತು, ನಾಲಿಗೆಗೆ ಸಿಹಿ ಹತ್ತಿತು. ಅದೇ ಬುರುಡೆಯನ್ನು ಭೂತದ ಮೇಲೆ ಬಗ್ಗಿಸಿದಳು. ಭೂತ ಗಂಜಿಯಾಗಿ ಹರಿದುಹೋಯಿತು. ನೆಲದ ಮೇಲೆ ಮಿನುಗುತ್ತಿದ್ದ ಹನಿಗಳನ್ನು ಸೌಟಿನಿಂದ ಬಳಿದು ಬುರುಡೆಗೆ ಹಾಕಿದಳು. ಬುರುಡೆ ಮೊದಲಿನಷ್ಟೇ ತುಂಬಿತ್ತು.

ಎರಡನೆಯ ಬಾಗಿಲ ಹಿಂದೆ ಹುಲಿ. ತೊಗಲಿಲ್ಲದ, ಬರೀ ಮಾಂಸದ ಹುಲಿ. ಗೆದ್ದ ಗುಂಗಿನಲ್ಲಿದ್ದ ದ್ಯಾಮವ್ವ ಯೋಚಿಸದೆ ಅನ್ನದ ಬುರುಡೆಯನ್ನೇ ಚಿಮುಕಿಸಿದಳು. ಹುಲಿಗೆ ಏನೂ ಆಗಲಿಲ್ಲ. ಅದು ಅವಳ ಎಡಗೈಯ ಎರಡು ಬೆರಳು ಕಚ್ಚಿ ನುಂಗಿತು.

ಅವಳು ಕಿರುಚಿ ಹಿಂದಕ್ಕೆ ಬಿದ್ದಳು. ಬಲಗೈಗೆ ಸಿಕ್ಕ ಇನ್ನೊಂದು ಬುರುಡೆ ಎತ್ತಿ ಎರಚಿದಳು. ಹನಿಗಳು ಹುಲಿಯ ಮೈಮೇಲೆ ನಿಂತವು, ಒಳಗಿಳಿಯಲಿಲ್ಲ. ಹುಳಿಯ ಮಡಕೆ ಎತ್ತಿ ಪೂರ್ತಿ ಸುರಿದಳು. ಹುಲಿಯ ಮಾಂಸ ಬೆಳ್ಳಗಾಯಿತು, ಉಬ್ಬಿತು, ಮಡಿಕೆ ಮಡಿಕೆಯಾಗಿ ತೆರೆದುಕೊಂಡಿತು. ಆದರೆ ಹುಲಿ ನಿಂತೇ ಇತ್ತು, ನಿಂತೇ ಗುರುಗುಟ್ಟಿತು. ಆಗ ಮೊದಲೇ ಬಿದ್ದಿದ್ದ ಹನಿಗಳಿಗೆ ಆ ಹುಳಿಯಲ್ಲಿ ಜೀವ ಬಂತು. ತೆರೆದ ಮಡಿಕೆಯೊಳಗೆ ನುಗ್ಗಿ ಎಳೆ ಎಳೆಯಾಗಿ ಕತ್ತರಿಸಿದವು. ಹುಲಿ ಕಾಲಿನಿಂದ ಮೇಲಕ್ಕೆ ಬಿಚ್ಚಿಕೊಳ್ಳುತ್ತ ಹೋಗಿ, ಕೊನೆಗೆ ಗುರುಗುಟ್ಟುವುದೂ ನಿಂತಿತು. ಹುಳಿಯ ಮಡಕೆ ಬರಿದಾಗಿತ್ತು. ದ್ಯಾಮವ್ವ ಸೆರಗು ಹರಿದು ಕೈಗೆ ಸುತ್ತಿಕೊಂಡಳು. ಕಿಣ್ವದ ಹನಿಗಳನ್ನು ಒಂದೂ ಬಿಡದೆ ಬಳಿದು ತುಂಬಿಕೊಂಡಳು. ಅವು ಯಾರ್ಯಾರದೋ ಮಕ್ಕಳ ಹೊಟ್ಟೆಯವು.

ಮೂರನೆಯ ಬಾಗಿಲು ತೆರೆದಳು. ತುಪ್ಪದ ಕೆರೆ ಅವಳನ್ನು ಎಳೆದುಕೊಂಡಿತು. ಸೊಂಟದವರೆಗೆ, ಎದೆಯವರೆಗೆ ಮುಳುಗಿದಳು. ಉಳಿದ ಬುರುಡೆಯ ಹನಿ ಬಿಟ್ಟಾಗ ತುಪ್ಪದ ಮೇಲ್ಮೈ ಅಂಗೈಯಗಲ ಕರಗಿತು, ಅಷ್ಟೇ. ಹನಿಗಳು ಅಂಚಿನಲ್ಲೇ ಕೆಲಸ ಮಾಡುತ್ತಿದ್ದವು, ಒಳಗೆ ಹೋಗಲು ದಾರಿಯಿರಲಿಲ್ಲ. ತುಪ್ಪ ಗದ್ದಕ್ಕೆ ಬಂತು. ಜಿಡ್ಡು ಹಿಡಿದ ಕೊಪ್ಪರಿಗೆಯನ್ನು ಸೀಗೆಪುಡಿ ಹಾಕದೆ ಎಂದೂ ತೊಳೆದವಳಲ್ಲ ಅವಳು. ಪಿತ್ತದ ಮಡಕೆ ಎಳೆದು ಬಗ್ಗಿಸಿದಳು.

ಕೆರೆ ಹಾಲಿನ ಹಾಗೆ ಬೆಳ್ಳಗಾಯಿತು. ತುಪ್ಪವೆಲ್ಲ ಸಾಸಿವೆಗಿಂತ ಸಣ್ಣ ಮಣಿಗಳಾಗಿ ಚದುರಿತು. ಆದರೆ ಮಣಿಗಳೂ ತುಪ್ಪವೇ. ಒಂದನ್ನೊಂದು ಹುಡುಕಿಕೊಂಡು ಮತ್ತೆ ಕೂಡಿಕೊಳ್ಳತೊಡಗಿದವು. ಅವು ಕೂಡುವ ಮೊದಲೇ ಬುರುಡೆಯನ್ನು ಪೂರ್ತಿ ಸುರಿದಳು. ಈಗ ಒಂದೊಂದು ಮಣಿಗೂ ಅಂಚಿತ್ತು. ಕಿಣ್ವಗಳು ಎಲ್ಲ ಕಡೆಯಿಂದ ಮುತ್ತಿ ಕತ್ತರಿಸಿದವು. ಕೆರೆ ತಿಳಿನೀರಾಯಿತು. ಮೇಲೆ ಮಿನುಗುತ್ತಿದ್ದ ಹನಿಗಳನ್ನು ಸೌಟಿನಿಂದ ಬಳಿದು ಬುರುಡೆಗೆ ತುಂಬಿದಳು.

ಅವಳು ಹೊರಗೆ ಬಂದಾಗ ಎರಡೂ ಮಡಕೆ ಖಾಲಿ. ಮೂರೂ ಬುರುಡೆ ಭರ್ತಿ.

ಜಂಭಕನಿಗೆ ಬೇಕಾದದ್ದು ತಿಳಿದುಹೋಗಿತ್ತು. ಬುಟ್ಟಿಯನ್ನು ಕಿತ್ತುಕೊಂಡ.

"ಕೊಡುತ್ತೇನೆ ಅಂತ ನೀನೇ ಅಂದಿದ್ದೆ," ಎಂದಳು ದ್ಯಾಮವ್ವ.

"ಅಂದಿದ್ದೆ. ಮುನ್ನೂರು ವರ್ಷದಿಂದ ಹಸಿದಿದ್ದೇನೆ."

"ಹಾಗೆ ಕುಡಿಯಬೇಡ. ಒರೆಯಿಲ್ಲದೆ ಹೊಟ್ಟೆಗೆ ಇಳಿದರೆ ಅವು ನಿನ್ನನ್ನೇ ಕತ್ತರಿಸುತ್ತವೆ. ನನ್ನ ಜೊತೆ ಬಾ. ಮೊಳಕೆಯಲ್ಲೂ ಕಿಣ್ವ ಇರಬೇಕೆಂದು ನನಗೆ ಈಗಷ್ಟೇ ಹೊಳೆಯಿತು. ಮೊಳಕೆ ಕಟ್ಟಿದ ರಾಗಿ ಅರೆದು, ಬೆಚ್ಚಗಿನ ಗಂಜಿಗೆ ಕಲಸಿ ಇಟ್ಟರೆ ಅದು ತಾನೇ ತೆಳ್ಳಗಾಗಿ ಸಿಹಿಯಾಗುತ್ತದೆ. ಅದು ನಿನ್ನ ಮೈಗೂ ಹತ್ತೀತು. ನಾನು ಮಾಡಿ ಹಾಕುತ್ತೇನೆ."

ಜಂಭಕ ಒಂದು ಬುರುಡೆ ಎತ್ತಿ ಬಿರಡೆ ಕಿತ್ತಿದ್ದ. ಬುರುಡೆ ಹಿಡಿದ ಕೈ ಒಮ್ಮೆ ಕೆಳಗಿಳಿಯಿತು.

"ಬಿಸಿಬಿಸಿ ಬಡಿಸುತ್ತೇನೆ ಎಂದು ಕರೆದವರೆಲ್ಲ ಕೊನೆಗೆ ನಕ್ಕಿದ್ದಾರೆ," ಎಂದ. ಒಂದರ ಹಿಂದೊಂದು ಮೂರೂ ಬುರುಡೆ ಎತ್ತಿ ಕುಡಿದ.

ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಮಲಗಿದ. ಸಂಜೆಯವರೆಗೂ ಸಾಯಲಾರದೆ ಒದ್ದಾಡಿದ. ದ್ಯಾಮವ್ವನಿಗೆ ಬಿಟ್ಟುಹೋಗಲು ಮನಸ್ಸಾಗಲಿಲ್ಲ. ಪಕ್ಕದಲ್ಲೇ ಕೂತು ತುಟಿಗೆ ನೀರು ಹಚ್ಚಿದಳು. ಅವನಿಂದಾಗಿ ಅತ್ತೆ ಸತ್ತದ್ದು ನೆನಪಿತ್ತು, ಆದರೂ ಹಚ್ಚಿದಳು.

"ಹಸಿವು ನಿಂತಿತು," ಎಂದ ಜಂಭಕ. ಅದೇ ಅವನ ಕೊನೆಯ ಮಾತು.

ಕಿಣ್ವಗಳು ಅವನನ್ನು ಒಳಗಿನಿಂದ ಬಿಡಿಸಿ ಮುಗಿಸಿದವು. ಅಷ್ಟು ಕೆಲಸ ಮಾಡಿದರೂ ಒಂದೂ ಸವೆದಿರಲಿಲ್ಲ. ಅವನಿದ್ದ ಜಾಗದಿಂದ ತೆಳ್ಳನೆಯ ಮಂಜು ಎದ್ದು, ಗವಿಯ ಬಾಯಿ ದಾಟಿ, ಏಳು ಹೊಳೆ ದಾಟಿ, ತುಂಬೆಗಿರಿಯ ಕಡೆ ಹೋಯಿತು. ಬದುಕಿದ್ದವರ ಬಾಯಿಗೆ ಹೊಕ್ಕಿತು. ಸತ್ತವರ ಪಾಲಿನದು ಮನೆಗಳ ಸೂರಿನಡಿ ಸ್ವಲ್ಪ ಹೊತ್ತು ಸುತ್ತಾಡಿ ಕರಗಿಹೋಯಿತು.

ಹಿಂದಿರುಗುವ ದಾರಿಯಲ್ಲಿ ದ್ಯಾಮವ್ವ ಅಜ್ಜಿಯ ಗುಡಿಸಲಿಗೆ ಓಡಿದಳು. ಚಿಗರಿ ಇದ್ದಳು. ಹಕ್ಕಿಯ ಮರಿಯಷ್ಟೇ ಉಳಿದಿದ್ದಳು, ಆದರೆ ಇದ್ದಳು.

ಊರು ಸೇರಿದಾಗ ಅಲ್ಲಿ ಮತ್ತೆ ಅಳು ಎದ್ದಿತ್ತು. ಹಸಿದ ಜನ ಕೊಪ್ಪರಿಗೆಗಟ್ಟಲೆ ಅನ್ನ, ಮಾಂಸ ಬೇಯಿಸಿ ಒಂದೇ ಸಮನೆ ತಿಂದಿದ್ದರು. ಬಹಳ ದಿನ ಉಪವಾಸ ಬಿದ್ದ ಮೈ ಅಷ್ಟನ್ನು ತಡೆಯಲಿಲ್ಲ. ಕಿಣ್ವ ಮರಳಿದ ವಾರದಲ್ಲೇ ಹನ್ನೆರಡು ಜನ ಎಲೆಯ ಮುಂದೆ ಕುಸಿದು ಸತ್ತಿದ್ದರು.

ದ್ಯಾಮವ್ವ ಹೋಗಿ ಅರಮನೆಯ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ಇವತ್ತಿಗೆ ಒಬ್ಬೊಬ್ಬರಿಗೆ ಒಂದೇ ಸೌಟು ತಿಳಿಗಂಜಿ. ನಾಳೆ ಎರಡು. ಅದಕ್ಕಿಂತ ಹೆಚ್ಚು ಕೇಳಬೇಡಿ."

ಜನ ಬಯ್ದರು. ಒಬ್ಬಳು ಅವಳ ಮುಖಕ್ಕೆ ಉಗುಳಿದಳು. ಅರಸನೇ ಬಂದು, "ಬಾಗಿಲು ಬಿಡು ದ್ಯಾಮವ್ವ, ನನ್ನ ಪ್ರಜೆ ಉಣ್ಣಲಿ," ಎಂದ.

"ಬಿಡಬಾರದು ಪ್ರಭು," ಎಂದು ಹಿಂದಿನಿಂದ ದನಿ ಬಂತು. ಶೂಲಪಾಣಿ ಪಂಡಿತ. ಕೋಲೂರಿಕೊಂಡು ಬಂದು ಅವಳ ಪಕ್ಕದಲ್ಲಿ ನಿಂತ. "ಆವತ್ತು ಇವಳ ಮಾತು ಕೇಳದೆ ನಾನು ಜನರಿಗೆ ಹುಳಿನೀರು ಕುಡಿಸಿದೆ. ಸತ್ತವರ ಹೆಸರು ನನಗೆ ಒಂದೊಂದೂ ಗೊತ್ತು. ಇವತ್ತು ಇವಳು ಹೇಳಿದಷ್ಟೇ ಬಡಿಸಿ."

ಅರಸ ಇಬ್ಬರನ್ನೂ ನೋಡಿದ. ಕೊನೆಗೆ ತಾನೂ ಒಂದು ಬಟ್ಟಲು ಹಿಡಿದು ಸಾಲಿನ ಕೊನೆಗೆ ಹೋಗಿ ನಿಂತ.

ನಲವತ್ತು ದಿನ ದ್ಯಾಮವ್ವ ಮೂರು ಬೆರಳಿನ ಕೈಯಲ್ಲಿ ಬಟ್ಟಲು ಹಿಡಿದು ಇನ್ನೊಂದು ಕೈಯಲ್ಲಿ ಬಡಿಸಿದಳು. ಆಮೇಲೆ ಒಬ್ಬರೂ ಸಾಯಲಿಲ್ಲ.

ಮುಂದಿನ ಸುಗ್ಗಿಗೆ ತುಂಬೆಗಿರಿಯ ಮಕ್ಕಳ ಕೆನ್ನೆ ತುಂಬಿದವು, ನಾಯಿಗಳೂ ಮೈ ತುಂಬಿಕೊಂಡವು. ಮತ್ತೆ ತೊಟ್ಟಿಲು ತೂಗುವ ಸದ್ದು ಕೇಳಿಸಿತು. ಚಿಗರಿ ಹಿತ್ತಲಿನ ಸೀಬೆಮರ ಹತ್ತುವಷ್ಟು ಗಟ್ಟಿಯಾದಳು, ಹತ್ತಿ ಕೊಂಬೆ ಮುರಿದಳು. ದ್ಯಾಮವ್ವ ಕೆಳಗೆ ನಿಂತು ಊರಿಗೇ ಕೇಳುವ ಹಾಗೆ ಮಗಳನ್ನು ಬಯ್ದಳು. ಬೀದಿಯಲ್ಲಿ ಹೋಗುತ್ತಿದ್ದವರು ಆ ಬೈಗುಳ ಕೇಳಿ ನಿಂತು ನಕ್ಕು ಮುಂದೆ ಹೋದರು. ಎಲ್ಲರೂ ಬಹಳ ಕಾಲ ಹಾಗೆ ಸುಖವಾಗಿ ಬಾಳಿದರು.